ಎಡಭುಜ ದೊಡ್ಡವನಿಗೆ, ಬಲಭುಜ ಚಿಕ್ಕವನಿಗೆ

ಶಿಕೆಂಗ್ ಹಳ್ಳಿ
ಜುಲೈ 6, 1988

ಗುಯಿಲಾನ್ ಅತ್ತೆಗೆ,

ಅಜ್ಜಿಯನ್ನು ಮಣ್ಣು ಮಾಡಿಲ್ಲ. ಏಪ್ರಿಲ್‌ನಿಂದ ಈಚೆಗೆ ನಾನು ನಿನಗೆ ಬರೆದದ್ದೆಲ್ಲ ಸುಳ್ಳು. ಗುಡ್ಡದ ಮೇಲಿನ ಗೋರಿ, ಅದರ ಮುಂದೆ ಸುಟ್ಟ ಕಾಗದದ ಹಣ, ಊರವರೆಲ್ಲ ಹೊಗಳಿದ ಊಟ, ಎಲ್ಲವನ್ನೂ ಅಪ್ಪ ಪಕ್ಕದಲ್ಲಿ ನಿಂತು ಬರೆಸಿದ. ಗೋರಿಯ ಮೇಲೆ ಹುಲ್ಲು ಚಿಗುರಿದೆ ಎನ್ನುವುದನ್ನು ಮಾತ್ರ ನಾನೇ ಸೇರಿಸಿದೆ, ನೀನು ಕೇಳಿದ್ದೆ ಅಂತ. ಅಜ್ಜಿ ಇನ್ನೂ ನಡುಮನೆಯಲ್ಲಿ ಎರಡು ಬೆಂಚಿನ ಮೇಲಿಟ್ಟ ಪೆಟ್ಟಿಗೆಯೊಳಗೆ ಇದ್ದಾಳೆ. ಈ ಕಾಗದವನ್ನು ನಾನು ಹಂದಿಗೂಡಿನ ಪಕ್ಕ ಕೂತು ಬರೆಯುತ್ತಿದ್ದೇನೆ. ಇಲ್ಲಿ ವಾಸನೆ ಕಡಿಮೆ.

ಬಸುರಿಗೆ ಇಂಥ ಸುದ್ದಿ ಸೋಕಬಾರದು, ಹೊಟ್ಟೆಯಲ್ಲಿರುವುದಕ್ಕೆ ಆಗಿಬರುವುದಿಲ್ಲ ಎಂದು ಅಪ್ಪ ಕಾರಣ ಕೊಟ್ಟ. ನಿನ್ನನ್ನು ಸಾವಿಗೆ ಕಳಿಸದೆ ಇದ್ದುದಕ್ಕೆ ನಿನ್ನ ಅತ್ತೆಮನೆಯವರು ಕೊಟ್ಟ ಕಾರಣವೂ ಅದೇ ಆದ್ದರಿಂದ ನಾನು ನಂಬಿದೆ. ಆಮೇಲೆ ಅವನು ಚಿಕ್ಕಪ್ಪನಿಗೆ ಹೇಳುವುದು ಕಿವಿಗೆ ಬಿತ್ತು. "ಗುಯಿಲಾನ್‌ಗೆ ಗೊತ್ತಾದ್ರೆ ನೆಟ್ಟಗೆ ಸೋದರಮಾವನಿಗೆ ಹೇಳಿ ಕಳಿಸ್ತಾಳೆ. ಮಾವ ಬಂದು ಬಾಗಿಲಲ್ಲಿ ನಿಂತ್ರೆ ನಾನೂ ಕೆಟ್ಟೆ, ನೀನೂ ಕೆಟ್ಟೆ." ಅಣ್ಣತಮ್ಮ ಈ ವರ್ಷ ಒಪ್ಪಿಕೊಂಡ ಮಾತು ಅದೊಂದೇ.

ಜಾಗಕ್ಕೆ ಜಗಳವಿಲ್ಲ. ಟೀ ಗಿಡಗಳ ಮೇಲಿನ ಸಮತಟ್ಟು ಜಾಗ ಎಂದು ಇಬ್ಬರಿಗೂ ಒಪ್ಪಿಗೆ. ಜಗಳ ಅಜ್ಜಿಯ ಕಾಲು ಯಾವ ಕಡೆ ಇರಬೇಕು ಎನ್ನುವುದಕ್ಕೆ. ಕಾಲು ಕರ್ಪೂರದ ಮರದ ಕಡೆಗಿದ್ದರೆ ಅವಳ ಎಡಭುಜಕ್ಕೆ ಎತ್ತರದ ಗುಡ್ಡ ಬರುತ್ತದೆ, ಹಿರಿಮಗನ ಮನೆ ಏಳುತ್ತದೆ. ಸೇತುವೆಯ ಕಡೆಗಿದ್ದರೆ ಗುಡ್ಡ ಬಲಭುಜಕ್ಕೆ, ಏಳುವುದು ಕಿರಿಮಗನ ಮನೆ. ನನ್ನ ತಮ್ಮ ಪರೀಕ್ಷೆ ಪಾಸಾಗಿ ಪಟ್ಟಣದಲ್ಲಿ ಕುರ್ಚಿ ಹಿಡಿಯಬೇಕು ಎನ್ನುವುದು ಅಪ್ಪನ ಆಸೆ. ತಮ್ಮನನ್ನು ನೀನು ನೋಡಿದ್ದೀಯ. ಅವನನ್ನು ಪಾಸು ಮಾಡಿಸಲು ಒಬ್ಬ ಅಜ್ಜಿ ಸಾಲುವುದಿಲ್ಲ. ಚಿಕ್ಕಪ್ಪನಿಗೆ ಎರಡು ಹೆಣ್ಣಾದ ಮೇಲೆ ಗಂಡು ಬೇಕು. ಹೆಣ್ಣುಮಕ್ಕಳಿಗೆ ಯಾವ ಭುಜ ಎಂದು ಕೇಳಿದೆ. ಇಬ್ಬರೂ ನಕ್ಕರು.

ದಿಕ್ಕು ನೋಡುವ ಲಿಯಾವ್ ವಾರವಾರವೂ ಬರುತ್ತಾನೆ. ಅಪ್ಪನ ಕೋಳಿ ತಿಂದ ದಿನ ಮರದ ಕಡೆ ಒಳ್ಳೆಯದು ಅನ್ನುತ್ತಾನೆ. ಚಿಕ್ಕಪ್ಪನ ಬಾತುಕೋಳಿ ತಿಂದ ದಿನ ಸೇತುವೆಯೂ ಕೆಟ್ಟದ್ದಲ್ಲ ಅನ್ನುತ್ತಾನೆ. ಪೆಟ್ಟಿಗೆಯಿಂದ ಕೈಯಳತೆಯಲ್ಲಿ ಕೂತು ಕೋಳಿಕಾಲಿನ ಬೆರಳುಗಳನ್ನು ಒಂದೊಂದಾಗಿ ಚೀಪಿ ನೆಲಕ್ಕೆ ಉಗುಳುತ್ತಾನೆ. ನೊಣಗಳಿಗೆ ಅವನ ಮೂಳೆಯೂ ಬೇಕು, ನಮ್ಮ ಅಜ್ಜಿಯೂ ಬೇಕು. ಎರಡರ ನಡುವೆ ಓಡಾಡುತ್ತಿರುತ್ತವೆ. ಅದೇ ನೊಣಗಳು ನಮ್ಮ ಅನ್ನದ ಮೇಲೂ ಕೂರುತ್ತವೆ.

ಅಜ್ಜಿ ಅರವತ್ತಕ್ಕೇ ಮಾಡಿಸಿಟ್ಟು ವರ್ಷವರ್ಷ ಅರಗು ಬಳಿಸುತ್ತಿದ್ದ ಪೆಟ್ಟಿಗೆ ಏನಾಯಿತು ಅಂತ ನೀನು ಕೇಳುತ್ತೀಯ. ಅದರಲ್ಲೇ ಮಲಗಿದ್ದಾಳೆ. ಪೆಟ್ಟಿಗೆಯದು ತಪ್ಪಿಲ್ಲ. ಅದನ್ನು ಮಾಡಿದ್ದು ಮಣ್ಣೊಳಗೆ ಇಡಲು, ಬೇಸಿಗೆಯಲ್ಲಿ ಮನೆಯೊಳಗೆ ಇಡಲು ಅಲ್ಲ. ತಲೆಯ ಕಡೆಯ ಕೀಲು ಬಿಟ್ಟಿದೆ. ಅಮ್ಮ ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಕಲಸಿ ಮೆತ್ತುತ್ತಾಳೆ. ಮೆತ್ತಿದ್ದು ಒದ್ದೆಯಾಗಿ ಕಳಚಿ ಬೀಳುತ್ತದೆ. ಕೆಳಗೆ ಒಂದು ಬೋಗುಣಿ ಇಟ್ಟಿದ್ದೇವೆ. ಅದನ್ನು ಚೆಲ್ಲುವ ಕೆಲಸ ನನ್ನದು. ಬೋಗುಣಿಯಲ್ಲಿ ಏನಿರುತ್ತದೆ ಎಂದು ಬರೆಯಬಲ್ಲೆ, ಬರೆಯುವುದಿಲ್ಲ.

ಈ ಮನೆಯಲ್ಲಿ ಯಾರೂ ವಾಸನೆ ಎನ್ನುವುದಿಲ್ಲ. ಸತ್ತವರು ನಾರುತ್ತಾರೆ ಎಂದರೆ ವಂಶಕ್ಕೇ ಶಾಪವಂತೆ. ತಡೆಯಲು ಆಗದೆ ಹೋದಾಗ ಯಾರಾದರೂ, "ಧೂಪ ಕಮ್ಮಿ ಆಯ್ತೇನೋ, ಇನ್ನೊಂದು ಕಡ್ಡಿ ಹಚ್ಚಿ" ಅನ್ನುತ್ತಾರೆ. ಈಗ ಊರಲ್ಲಿ ಧೂಪ ಸಿಗುತ್ತಿಲ್ಲ.

ನಿನ್ನ ಮಗು ಒದೆಯುತ್ತದೆ, ನಿದ್ದೆ ಮಾಡಲು ಬಿಡುವುದಿಲ್ಲ ಅಂತ ನೀನು ಬರೆದಿದ್ದೆ. ಅದಕ್ಕಾಗಿಯೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ. ಅಜ್ಜಿ ದಿನವೂ ಸಂಜೆ ಚಕ್ಕೋತದ ಎಲೆ ಹಾಕಿದ ಬಿಸಿನೀರಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದುದು ನಿನಗೆ ನೆನಪಿರಬಹುದು.

ಮಾನ್‌ಮೆಯ್


ಶಾಥಾಂಗ್ ಪೇಟೆ
ಜುಲೈ 19, 1988

ಮಾನ್‌ಮೆಯ್‌ಗೆ,

ನಿನ್ನ ಕಾಗದ ಬಂತು. ಓದಿ ಮಡಚಿ ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದೇನೆ, ಅತ್ತೆಯವರ ಕಣ್ಣಿಗೆ ಬೀಳಬಾರದು ಅಂತ.

ಅಮ್ಮನನ್ನು ಇನ್ನೂ ಮನೆಯಲ್ಲಿ ಇಟ್ಟುಕೊಂಡಿರುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಹಿರಿಯರ ಬಗ್ಗೆ ನೀನು ಹಾಗೆ ಬರೆಯಬಾರದು. ನಿನ್ನ ಬಾಯಿ ನಿನಗೆ ಮೊದಲೂ ಕೆಡುಕು ಮಾಡಿದೆ. ಶಾಲೆಗೆ ತನಿಖೆಗೆ ಬಂದವರ ಮುಂದೆ, ಉತ್ತರಗಳನ್ನು ಮೇಷ್ಟ್ರೇ ನಿನ್ನೆ ಬೋರ್ಡಿನ ಮೇಲೆ ಬರೆಸಿದರು ಎಂದೆ. ಕ್ಷಮೆ ಕೇಳು ಅಂದರೆ ಚೀಲ ಎತ್ತಿಕೊಂಡು ಮನೆಗೆ ಬಂದೆ. ನೀನು ಹೇಳಿದ್ದು ನಿಜವೇ ಇರಬಹುದು. ಶಾಲೆ ಮಾತ್ರ ನಿನ್ನದೇ ಹೋಯಿತು, ಮೇಷ್ಟ್ರು ಅಲ್ಲೇ ಇದ್ದಾರೆ.

ಅಣ್ಣಂದಿರು ದುಃಖದಲ್ಲಿದ್ದಾರೆ. ಗಂಡಸರಿಗೆ ಅಳಲು ಬರುವುದಿಲ್ಲ, ಅದಕ್ಕೇ ಜಗಳವಾಡುತ್ತಾರೆ. ಅಮ್ಮನಿಗೆ ಒಳ್ಳೆಯ ದಿಕ್ಕು ಹುಡುಕುತ್ತಿದ್ದಾರೆ ಎಂದುಕೋ. ಬಿಸಿಲು ಹೆಚ್ಚಿದ್ದರಿಂದ ಸ್ವಲ್ಪ ವಾಸನೆ ಬಂದಿರಬಹುದು. ನೀನು ಮೊದಲಿಂದಲೂ ಮೂಗಿನ ಹುಡುಗಿ. ಮೀನು ಹೆಚ್ಚುವಾಗಲೂ ಅಂಗಳಕ್ಕೆ ಓಡುತ್ತಿದ್ದೆ. ಪೆಟ್ಟಿಗೆಯ ಕೆಳಗೆ ಇದ್ದಿಲು ಮತ್ತು ಹಳೆಯ ಟೀ ಸೊಪ್ಪು ಹರಡಿ.

ಇಲ್ಲಿ ಎಲ್ಲ ಎಂದಿನಂತೆ ಇದೆ. ತೋಫು ಅಂಗಡಿಗೆ ಹಬ್ಬದ ಕೆಲಸ ಶುರುವಾಗಿದೆ. ನಾನು ಮತ್ತೆ ಬೀಸುಕಲ್ಲಿಗೆ ಕೂತಿದ್ದೇನೆ. ಬೆಳಿಗ್ಗೆ ಬಾವಿಯಿಂದ ನೀರೂ ಹೊರುತ್ತೇನೆ. ಕೆಲಸವಿದ್ದರೆ ಹೊತ್ತು ಹೋಗುತ್ತದೆ.

ಒಂದು ಮಾತು ಕೇಳಬೇಕು. ಕೊನೆಯ ಹೊತ್ತಿನಲ್ಲಿ ಅಮ್ಮನ ಹತ್ತಿರ ಇದ್ದವಳು ನೀನೊಬ್ಬಳೇ. ಅವಳು ಏನು ಹೇಳಿದಳು? ನನ್ನ ಹೆಸರು ಹೇಳಿದಳೇ?

ಗುಯಿಲಾನ್


ಶಿಕೆಂಗ್
ಜುಲೈ 30, 1988

ಗುಯಿಲಾನ್ ಅತ್ತೆಗೆ,

ದುಃಖ ಅಲ್ಲ ಅತ್ತೆ. ದುಃಖ ಹೇಗಿರುತ್ತದೆ ಅಂತ ನನಗೆ ಗೊತ್ತು. ದುಃಖದಲ್ಲಿರುವವರು ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆಯುವುದಿಲ್ಲ.

ನಡುಮನೆಯಲ್ಲಿ ಇರುವಾಗಲೇ ಕಾಲು ತನ್ನ ಕಡೆಗೆ ಇದ್ದರೆ ಭಾಗ್ಯ ಈಗಲೇ ಇಳಿಯಲು ಶುರುವಾಗುತ್ತದೆ ಅಂತ ಯಾರೋ ಚಿಕ್ಕಪ್ಪನ ತಲೆಗೆ ತುಂಬಿದರು. ಅಪ್ಪ ಗದ್ದೆಗೆ ಹೋದಾಗ ಅವನು ಬಂದು ಪೆಟ್ಟಿಗೆಯನ್ನು ಒಂದು ಗೇಣು ಸರಿಸಿದ. ಅಪ್ಪ ಬಂದು ನೋಡಿ ಎರಡು ಗೇಣು ಹಿಂದಕ್ಕೆ ಸರಿಸಿದ. ಆಮೇಲೆ ಬೆಂಚಿನ ಕಾಲಿನ ಸುತ್ತ ಗೆರೆ ಎಳೆದ. ಮರುದಿನ ಚಿಕ್ಕಪ್ಪ ಗೆರೆಯನ್ನೇ ಅಳಿಸಿ ಹೊಸದು ಎಳೆದ. ಮೊನ್ನೆ ಇಬ್ಬರೂ ಒಟ್ಟಿಗೆ ಮನೆಯಲ್ಲಿದ್ದರು. ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ.

"ಬಿಡು, ಕೈ ತೆಗಿ. ಅಮ್ಮ ನನಗೆ ಹೇಳೇ ಹೋಗಿದಾಳೆ, ಮರದ ಕಡೆ ಮಲಗಿಸು ಅಂತ."

"ನಿನಗೆ ಹೇಳಿದ್ಲಾ? ಕೊನೆಕೊನೆಗೆ ಅವಳಿಗೆ ನಿನ್ನ ಗುರುತೇ ಹತ್ತುತಿರಲಿಲ್ಲ. ನನ್ನ ಕೈ ಹಿಡ್ಕೊಂಡು ಸೇತುವೆ ಕಡೆ ಅಂದ್ಲು."

"ಕೈ ಹಿಡ್ಕೊಂಡಿದ್ದು ನಿನ್ನ ಗಡಿಯಾರ ಬಿಚ್ಕೊಳ್ಳೋಕೆ ಕಣೋ. ಅದು ಅವಳ ದುಡ್ಡಲ್ಲಿ ತಗೊಂಡಿದ್ದು."

ಹೀಗೆ ಎಳೆದಾಡುವಾಗ ಬೆಂಚು ಓರೆಯಾಗಿ, ಬಿಟ್ಟಿದ್ದ ಕೀಲು ಇನ್ನಷ್ಟು ಬಿಟ್ಟು, ಒಳಗಿದ್ದದ್ದು ಚಿಕ್ಕಪ್ಪನ ಚಪ್ಪಲಿಯ ಮೇಲೆ ಸುರಿಯಿತು. ಅವನು ಎರಡು ಹೆಜ್ಜೆ ಹಿಂದೆ ಹಾರಿ ಗೋಡೆ ಹಿಡಿದು ನಿಂತ. ಮುಖ ಬೆಳ್ಳಗಾಗಿತ್ತು. ಆದರೂ ಅವನ ಬಾಯಿಂದ ಬಂದದ್ದು, "ಅತ್ತಿಗೆ, ಧೂಪ ಕಮ್ಮಿ ಆಗಿದೆ." ನನಗೆ ನಗು ಬಂತು. ನಗುತ್ತಲೇ ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಇದ್ದಿಲು ಮತ್ತು ಟೀ ಸೊಪ್ಪು ಹಾಕು ಅಂದೆಯಲ್ಲ, ಅದನ್ನು ಮೇ ತಿಂಗಳಿಂದ ಹಾಕುತ್ತಿದ್ದೇವೆ. ದಿನವೂ ಅಜ್ಜಿಯ ಮುಂದೆ ಇಟ್ಟ ಅನ್ನವನ್ನು ಆಮೇಲೆ ಹಂದಿಗೆ ಹಾಕುತ್ತೇವೆ. ಈಚೆಗೆ ಹಂದಿ ಮೂಸಿ ಬಿಟ್ಟು ಹೋಗುತ್ತದೆ. ಮೂಗಿನ ಹುಡುಗಿ ಅಂದೆ. ಹಂದಿಗೆ ಏನನ್ನುತ್ತೀಯ?

ಈಗ ಇಬ್ಬರಿಗೂ ನಾನು ಬೇಕಾಗಿದ್ದೇನೆ. ಕೊನೆಯ ಮಾತು ಕೇಳಿದವಳು ನಾನು, ನನಗೆ ಸುಳ್ಳು ಬರುವುದಿಲ್ಲ ಎಂದು ಊರಿಗೇ ಗೊತ್ತು. ನಿನಗೆ ಬರೆದ ಸುಳ್ಳು ಊರಿಗೆ ಗೊತ್ತಿಲ್ಲ. ಅಪ್ಪ ಚರ್ಮದ ಬೂಟು ಕೊಡಿಸುತ್ತೇನೆ ಎನ್ನುತ್ತಾನೆ. ಚಿಕ್ಕಪ್ಪ ತನ್ನ ರೇಡಿಯೋ ತಂದು ನನ್ನ ಮಂಚದ ಮೇಲೆ ಇಟ್ಟು ಹೋದ. "ಮರ ಅಂದ್ರೆ ಸಾಕು." "ಸೇತುವೆ ಅಂದ್ರೆ ಸಾಕು." ರೇಡಿಯೋವನ್ನು ವಾಪಸ್ಸು ಅವನ ಜಗಲಿಯ ಮೇಲೆ ಇಟ್ಟು ಬಂದೆ. ಅದರಲ್ಲೂ ವಾಸನೆ ಹಿಡಿದಿತ್ತು.

ಅಜ್ಜಿ ಕೊನೆಗೆ ಏನೋ ಹೇಳಿದಳು. ಮರವೂ ಅಲ್ಲ, ಸೇತುವೆಯೂ ಅಲ್ಲ. ಅದನ್ನು ಇವರಿಗೆ ಹೇಳಲಿಲ್ಲ, ಕೇಳುವುದಿಲ್ಲ ಅಂತ. ನಿನಗೆ ಬರೆಯಲು ಬೇರೆ ಕಾರಣಕ್ಕೆ ಕೈ ಬರುತ್ತಿಲ್ಲ.

ಮಗುವಿನ ವಿಷಯ ಒಂದಕ್ಷರ ಬರೆಯಲಿಲ್ಲ. ಬಾವಿಯಿಂದ ನೀರು ಹೊರುತ್ತೇನೆ ಅಂದೆ. ಎಂಟು ತಿಂಗಳ ಹೊಟ್ಟೆ ಹೊತ್ತವಳ ಕೈಲಿ ಬಿಂದಿಗೆ ಕೊಡುವ ನಿನ್ನ ಅತ್ತೆ ಎಂಥವಳು?

ಮಾನ್‌ಮೆಯ್


ಶಾಥಾಂಗ್
ಆಗಸ್ಟ್ 9, 1988

ಮಾನ್‌ಮೆಯ್‌ಗೆ,

ನಿನ್ನನ್ನು ಮೂಗಿನ ಹುಡುಗಿ ಅಂದದ್ದು ನನ್ನ ತಪ್ಪು. ಚಪ್ಪಲಿಯ ಸಂಗತಿ ಓದಿದ ಮೇಲೆ ಊಟ ಸೇರಲಿಲ್ಲ.

ನಾನು ಬರೆದರೆ ಅಣ್ಣಂದಿರು ಒಲೆಗೆ ಹಾಕುತ್ತಾರೆ. ಮದುವೆಯಾಗಿ ಹೋದ ಮಗಳು ಚೆಲ್ಲಿದ ನೀರು. ಸೋದರಮಾವನ ಹತ್ತಿರ ಹೋಗು. ಆಕಾಶದಲ್ಲಿ ಸಿಡಿಲಪ್ಪ, ನೆಲದಲ್ಲಿ ಸೋದರಮಾವ ಅಂತ ಅಮ್ಮ ಹೇಳುತ್ತಿದ್ದಳಲ್ಲ. ಹೆಣ್ಣು ಸತ್ತರೆ ಅವಳ ತವರಿನವರು ಬಂದು ಏಳಿ ಎನ್ನುವ ತನಕ ಗಂಡುಮಕ್ಕಳು ಮಂಡಿಯೂರಿಯೇ ಇರಬೇಕು. ಅಷ್ಟು ಭಯ ಅವರಿಗೆ ಇನ್ನೂ ಇದೆ. ಮಾವನಿಗೆ ವಿಷಯ ಗೊತ್ತಿರಲಾರದು. ಗೊತ್ತಿದ್ದರೆ ತನ್ನ ಅಕ್ಕನನ್ನು ಹೀಗೆ ಬಿಡುತ್ತಿರಲಿಲ್ಲ.

ನಾನೇ ಬರುತ್ತಿದ್ದೆ. ಈಗ ನನ್ನನ್ನು ಬೇಡ ಎನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಇನ್ನೂ ಆಗುವುದಿಲ್ಲ.

ಅಮ್ಮ ಹೇಳಿದ್ದು ಏನೇ ಇರಲಿ, ಬರೆ.

ಗುಯಿಲಾನ್


ಶಿಕೆಂಗ್
ಆಗಸ್ಟ್ 20, 1988

ಗುಯಿಲಾನ್ ಅತ್ತೆಗೆ,

ನಿನ್ನ ಅತ್ತೆಯ ಮನಸ್ಸು ಕರಗಿತಲ್ಲ, ಅಷ್ಟು ಸಾಕು. ತುಂಬಿದ ಹೊಟ್ಟೆ ಹೊತ್ತು ನಮ್ಮ ಘಾಟಿಯ ರಸ್ತೆಯಲ್ಲಿ ಕುಲುಕಿಕೊಂಡು ಬರುವುದು ಬೇಡ. ಹೆರಿಗೆ ಮುಗಿಸಿಕೊಂಡು ಬಾ.

ಮಾವಜ್ಜನ ಹತ್ತಿರ ಹೋಗಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು ಅತ್ತೆ. ಮೇ ತಿಂಗಳಿಂದ ಗೊತ್ತಿತ್ತು. ಅವರ ಅಡುಗೆಮನೆಯ ತೊಲೆಗೆ ಎರಡು ಹಂದಿಯ ತೊಡೆ ನೇತುಹಾಕಿತ್ತು, ಹೊಗೆ ಹಿಡಿದು ಕಪ್ಪಗೆ. ನಾನು ನೋಡುತ್ತಿರುವುದನ್ನು ನೋಡಿ ಅವರೇ ಹೇಳಿದರು.

"ಎಡಗಡೇದು ನಿಮ್ಮಪ್ಪ ತಂದಿದ್ದು. ಬಲಗಡೇದು ನಿಮ್ಮ ಚಿಕ್ಕಪ್ಪ. ಇಬ್ರಿಗೂ ನೋಡಾಣ ಅಂದೆ. ನಿಂದೇನು ತಂದಿದೀಯ?"

"ನಾನೇನೂ ತಂದಿಲ್ಲ ಮಾವಜ್ಜ."

"ಮತ್ತೆ ಯಾಕೆ ಬಂದೆ? ಕೂತ್ಕೋ, ಗಂಜಿ ಕುಡಿ."

"ಕುಡಿಯಲ್ಲ. ನಂಗೀಗ ಮಾಂಸದ ವಾಸನೆ ತಡ್ಕೊಳ್ಳೋಕಾಗಲ್ಲ."

ಮುದುಕ ನಕ್ಕರು. ಅವರ ಹಲ್ಲಿನ ಸಂದಿಯಲ್ಲಿ ಮಾಂಸದ ಎಳೆ ಸಿಕ್ಕಿಕೊಂಡಿತ್ತು. ಲೋಕದಲ್ಲಿ ಬಾಯಿ ಇರುವ ಗಂಡಸರೆಲ್ಲ ನಮ್ಮ ಅಜ್ಜಿಯ ಹೆಸರಲ್ಲಿ ಏನಾದರೊಂದು ಅಗಿಯುತ್ತಿದ್ದಾರೆ ಅನ್ನಿಸಿತು. ಎದ್ದು ಬರಬೇಕೆಂದಿದ್ದೆ. ಬರಲಿಲ್ಲ. ಅಜ್ಜಿ ಹೇಳಿದ್ದನ್ನು ಹೇಳಿಬಿಟ್ಟೆ. ಮೊದಲು ಅವರಿಗೆ ಹೇಳಿ ಈಗ ನಿನಗೆ ಬರೆಯುತ್ತಿದ್ದೇನೆ.

ಕೊನೆಯ ವಾರ ಅಜ್ಜಿಗೆ ಏಳಲು ಆಗುತ್ತಿರಲಿಲ್ಲ. ಎಲ್ಲ ಹಾಸಿಗೆಯಲ್ಲೇ. ನಾನು ಒರೆಸುವಾಗ ಅವಳು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಸಾಯುವ ದಿನ ಮಧ್ಯಾಹ್ನ ನನ್ನ ತೋಳು ಹಿಡಿದು, "ನಾನು ನಾರ್ತಿದೀನೇನೇ?" ಅಂದಳು. "ಹೂಂ, ಸ್ವಲ್ಪ" ಅಂದೆ. ನನಗೆ ಬೇರೆ ಮಾತು ಬರಲಿಲ್ಲ. "ಹಂಗಾದ್ರೆ ಇಟ್ಕೋಬೇಡ್ರಿ ಕಣೇ. ಜನ ಮೂಗು ಮುಚ್ಕೊಳ್ಳೋಕೆ ಮುಂಚೆ ತಗೊಂಡೋಗಿ ಹಾಕ್ಬಿಡಿ. ಎಲ್ಲಾದ್ರೂ ಸರಿ." ಅಷ್ಟೇ. ನಿನ್ನ ಹೆಸರು ಹೇಳಲಿಲ್ಲ ಅತ್ತೆ. ಯಾರ ಹೆಸರನ್ನೂ ಹೇಳಲಿಲ್ಲ. ನಿನಗೆ ಬರೆಯಲು ಕೈ ಬಾರದೆ ಇದ್ದದ್ದು ಇದಕ್ಕೆ.

ಮಾವಜ್ಜ ಚಾಪ್‌ಸ್ಟಿಕ್ ಬಟ್ಟಲಿನ ಮೇಲೆ ಅಡ್ಡ ಇಟ್ಟರು. "ಅಕ್ಕ ಹಂಗಂದ್ಲಾ? ಎಲ್ಲಾದ್ರೂ ಸರಿ ಅಂತ?" ಮತ್ತೆ ಒಂದು ಸಲ ಹೇಳಿಸಿಕೊಂಡರು. ಆಮೇಲೆ ಸೂತಕದ ಬಿಳಿ ಪಟ್ಟಿ ತಲೆಗೆ ಸುತ್ತಿಕೊಂಡು ನನ್ನ ಜೊತೆ ಗುಡ್ಡ ಇಳಿದರು. ದಾರಿಯಲ್ಲಿ ಒಂದು ಕಡೆ ಕೂತು ಉಗುರಿನಲ್ಲಿ ಹಲ್ಲು ಕೆದಕಿ, ಹಳ್ಳದ ನೀರಲ್ಲಿ ಬಾಯಿ ತೊಳೆದರು.

ನಮ್ಮ ಬಾಗಿಲಲ್ಲಿ ಅವರನ್ನು ಕಂಡದ್ದೇ ಅಪ್ಪ, ಚಿಕ್ಕಪ್ಪ ಇಬ್ಬರೂ ಹೊಸಿಲ ಹೊರಗೆ ಮಂಡಿಯೂರಿದರು. ಲಿಯಾವ್ ಒಳಗೆ ಉಣ್ಣುತ್ತಿದ್ದವನು ಎದ್ದು ಕೈ ಹಿಂದಕ್ಕೆ ಕಟ್ಟಿ ನಿಂತ. ಮಾವಜ್ಜ ಹೊಸಿಲಲ್ಲಿ ನಿಂತು ಉಸಿರು ಎಳೆದುಕೊಂಡರು. ಮುಖ ಕಿವುಚಿದರು. ಅಮ್ಮ ತಕ್ಷಣ, "ಧೂಪ ಕಮ್ಮಿ ಆಗಿದೆ, ಹಚ್ತೀನಿ ತಡೀರಿ" ಅಂದಳು.

"ಧೂಪ ಅಲ್ಲ. ಏನಿದು ವಾಸನೆ? ನೀನು ಹೇಳು ಹುಡುಗಿ."

"ಅಜ್ಜಿ ನಾರ್ತಿದಾಳೆ," ಅಂದೆ.

ಮಂಡಿಯೂರಿದ್ದ ಅಪ್ಪ ಅಲ್ಲಿಂದಲೇ ಕೈ ಬೀಸಿದ. ಕೆನ್ನೆಗೆ ಸಿಗದೆ ಕಿವಿಗೆ ಬಿತ್ತು. ಇನ್ನೂ ಗುಂಯ್ ಅನ್ನುತ್ತಿದೆ. "ನನ್ನ ಮನೇನ ಶಪಿಸ್ದೆ ನೀನು. ನಿನ್ನ ತಮ್ಮನ್ನ ಶಪಿಸ್ದೆ." ಚಿಕ್ಕಪ್ಪನೂ ಅವನ ಜೊತೆ ಸೇರಿಕೊಂಡ. ಮಾವಜ್ಜ ಇಬ್ಬರ ತಲೆಯ ಮೇಲೂ ಊರುಗೋಲು ಅಡ್ಡ ಹಿಡಿದರು.

"ಅವಳು ಹೇಳಿದ್ದು ನಿಮ್ಮಮ್ಮನ ಮಾತು. ನಾಡಿದ್ದು ಪೆಟ್ಟಿಗೆ ಎತ್ತಬೇಕು. ಕಾಲು ಎಲ್ಲಿಗಾದ್ರೂ ಹಾಕ್ಕೊಳ್ಳಿ. ಗುಡ್ಡದ ಮೇಲೆ ಬಡಿದಾಡಿ, ಅಲ್ಲಾದ್ರೆ ಗಾಳಿ ಇದೆ."

ಲಿಯಾವ್ ಮೆಲ್ಲಗೆ, "ಇದು ಏಳನೇ ತಿಂಗಳು, ಪ್ರೇತಗಳು ತಿರುಗಾಡೋ ಹೊತ್ತು. ಭೂಮಿ ಅಗೀಬಾರದು" ಅಂದ.

"ತಿರುಗಾಡೋರ ಜೊತೆ ಇವಳೂ ಒಬ್ಳು ಸೇರ್ಕೊಳ್ತಾಳೆ. ನೀನು ಕೈ ತೊಳ್ಕೋ ಹೋಗು, ಬೆರಳಿಗೆ ಜಿಡ್ಡು ಅಂಟಿದೆ."

ನಾಡಿದ್ದು ಎತ್ತುತ್ತಾರೆ. ಮುಗಿದ ಮೇಲೆ ಬರೆಯುತ್ತೇನೆ.

ಮಾನ್‌ಮೆಯ್


ಶಾಥಾಂಗ್
ಆಗಸ್ಟ್ 29, 1988

ಮಾನ್‌ಮೆಯ್‌ಗೆ,

ಇಷ್ಟು ಹೊತ್ತಿಗೆ ಅಮ್ಮ ಮಣ್ಣಿಗೆ ಸೇರಿರಬೇಕು. ಅವಳು ನನ್ನ ಹೆಸರು ಹೇಳಲಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೆದೆಯಲ್ಲ, ನಿನ್ನಿಂದಲೇ ಅದು ಸಾಧ್ಯ. ಬೇರೆ ಯಾರಾದರೂ ಆಗಿದ್ದರೆ ಹೇಳಿದಳು ಎನ್ನುತ್ತಿದ್ದರು, ನಾನು ನಂಬುತ್ತಿರಲಿಲ್ಲ.

ನೀನು ಹೆರಿಗೆ ಮುಗಿಸಿಕೊಂಡು ಬಾ ಅಂದೆ. ಹೆರಿಗೆ ಮುಗಿದಿದೆ. ಜೂನ್ ಕೊನೆಯಲ್ಲೇ ಆಯಿತು, ದಿನ ತುಂಬುವ ಮೊದಲೇ. ಹೆಣ್ಣು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದವರೆಗೆ ಇತ್ತು. ನಿಜ ಹೇಳಿದ ನಿನ್ನ ಕಾಗದ ಬರುವುದಕ್ಕೂ ಮುಂಚೆ ಅದು, ಆದ್ದರಿಂದ ನಿನ್ನ ತಲೆಗೆ ಏನೂ ಹಚ್ಚಿಕೊಳ್ಳಬೇಡ. ನೀನು ಸುಳ್ಳು ಬರೆದದ್ದಕ್ಕೆ ನಾನು ಸಿಟ್ಟಾಗಲಿಲ್ಲ, ಯಾಕೆಂದರೆ ನಾನೂ ಬರೆಯಲಿಲ್ಲ. ಸಾವಿನ ಮನೆಗೆ ಹೋಗದೆ ಕಾಪಾಡಿದ್ದು ಇದನ್ನು ತಾನೆ. ಅಮ್ಮನನ್ನೂ ನೋಡಲಿಲ್ಲ, ಮಗುವೂ ಉಳಿಯಲಿಲ್ಲ ಅಂತ ಕಾಗದದ ಮೇಲೆ ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ಅಂಥ ಮಕ್ಕಳಿಗೆ ಗೋರಿ ಇಲ್ಲ, ನಿನಗೆ ಗೊತ್ತಿದೆ. ಹೆಸರಿಟ್ಟರೆ, ಅತ್ತರೆ, ಗುರುತು ಇಟ್ಟರೆ ದಾರಿ ಹಿಡಿದು ಮತ್ತೆ ಅದೇ ಹೊಟ್ಟೆಗೆ ಬರುತ್ತದಂತೆ ಸಾಯಲಿಕ್ಕೆ. ಅತ್ತೆಯವರು ಹಳೆಯ ಚಾಪೆ ಹರಿದು ಸುತ್ತಿದರು. ಗೊಬ್ಬರ ಹೊರುವ ಮುದುಕನನ್ನು ಕರೆದರು. ಅವನು ತನ್ನ ಗೊಬ್ಬರದ ಬುಟ್ಟಿಯಲ್ಲೇ ಇಟ್ಟುಕೊಂಡು ಹೋದ. ಬುಟ್ಟಿಯನ್ನು ತೊಳೆದಿರಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಯಾವ ಗುಡ್ಡ ಅಂತ ಮಾರನೆಯ ದಿನ ಅವನನ್ನು ಕೇಳಿದೆ. ಕೈ ಎತ್ತಿ, "ಆ ಕಡೆ" ಅಂದ.

ಅಮ್ಮನ ಕಾಲು ಎಲ್ಲಿಗೆ ಎಂದು ಎರಡು ಮನೆ ಬಡಿದಾಡಿತು. ಈ ಮಗುವಿನ ಕಾಲು ಯಾವ ಕಡೆ ಇದೆ ಎಂದು ಕೇಳಿದವರಿಲ್ಲ. ಅದಕ್ಕೆ ಯಾವ ಭುಜಕ್ಕೂ ಯಾರೂ ಇಲ್ಲವಲ್ಲ.

ನಿನ್ನ ಕಾಗದ ಒಂದು ಅತ್ತೆಯವರ ಕೈಗೆ ಸಿಕ್ಕಿತು. ಅವರಿಗೆ ಓದಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗನಿಂದ ಓದಿಸಿದರು. ತಾಯಿ ಮಣ್ಣು ಸಿಗದೆ ಬಂದು ಮೊಮ್ಮಗುವನ್ನು ಎಳೆದುಕೊಂಡಳು ಎಂದು ಈಗ ಬೀದಿಗೆಲ್ಲ ಹೇಳುತ್ತಾರೆ. ನಾನು ನಂಬುವುದಿಲ್ಲ. ಬೀಸುಕಲ್ಲು ತಿರುಗಿಸುವಾಗ ಮಾತ್ರ ಒಂದೊಂದು ಸಲ ನಂಬುತ್ತೇನೆ.

ಒಬ್ಬಳೇ ಗುಡ್ಡಕ್ಕೆ ಹೋಗಿ ಹುಡುಕಲು ಧೈರ್ಯವಿಲ್ಲ. ನಿನ್ನನ್ನು ಬಾ ಅಂತ ಕರೆಯುತ್ತಿಲ್ಲ. ಬರೆದಿದ್ದೇನೆ ಅಷ್ಟೆ.

ಗುಯಿಲಾನ್


ಶಿಕೆಂಗ್
ಸೆಪ್ಟೆಂಬರ್ 7, 1988

ಗುಯಿಲಾನ್ ಅತ್ತೆಗೆ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ನೀರಿನ ಬಿಂದಿಗೆ, ಬೀಸುಕಲ್ಲು, ಬಸ್ಸಿನಲ್ಲಿ ಕೂರಲಾಗದೆ ಇದ್ದದ್ದು, ಎಲ್ಲವನ್ನೂ ನೀನು ಬರೆದೇ ಇದ್ದೆ. ನಾನು ಓದಿದ್ದು ನನಗೆ ಬೇಕಾದ ಹಾಗೆ. ನಿನ್ನ ಅತ್ತೆಯ ಮನಸ್ಸು ಕರಗಿತು ಅಂತ ಸಂತೋಷಪಟ್ಟೆ. ಆ ಸಾಲನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಜ್ಜಿಯನ್ನು ಮಣ್ಣು ಮಾಡಿದೆವು. ಈ ಸಲ ನಿಜ. ಅಂದೇ ಬರೆಯಬೇಕಿತ್ತು. ಆಮೇಲೆ ಇಲ್ಲಿ ನಡೆದದ್ದನ್ನು ನೋಡಿ ಕಾಗದ ಮುಟ್ಟಲು ಮನಸ್ಸಾಗಲಿಲ್ಲ. ಊರಲ್ಲಿ ಹೇಳುವ ಕತೆ ನಿನ್ನ ತನಕವೂ ಬರುತ್ತದೆ, ಅದಕ್ಕೆ ಮೊದಲು ನಾನು ಕಂಡದ್ದನ್ನು ಕೇಳು.

ಪೆಟ್ಟಿಗೆ ಹೊರುವ ಎಂಟು ಜನರನ್ನು ಅಮರರು ಅಂತ ಕರೆಯುತ್ತಾರಲ್ಲ, ಅವರಲ್ಲಿ ಮುಂದಿನ ಎಡಹೆಗಲು ಬಾಶೆಂಗ್‌ನದು. ಸಾರಾಯಿಯಲ್ಲಿ ಅದ್ದಿದ ಬಟ್ಟೆ ಮೂಗಿಗೆ ಕಟ್ಟಿಕೊಂಡಿದ್ದರು. ಅಪ್ಪ ಅದನ್ನು ಬಿಚ್ಚಿಸಿದ, ಸತ್ತವರಿಗೆ ಅವಮಾನ ಅಂತ. ಮನೆಯಿಂದ ಹೊರಡುವಾಗಲೇ ಕೀಲಿನಿಂದ ಹನಿಯುತ್ತಿತ್ತು. ಮುಂದೆ ತುತ್ತೂರಿ ಊದುವವರು, ಹಿಂದೆ ನಾವು. ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ತುತ್ತೂರಿಯವರು ನಮಗಿಂತ ಬಹಳ ಮುಂದೆ ಹೋಗಿಬಿಟ್ಟಿದ್ದರು. ಅವರಿಗೆ ಬಾಯಲ್ಲಿ ಉಸಿರು ಎಳೆಯಬೇಕಲ್ಲ.

ಊರ ಪಾಯಿಖಾನೆ ದಾಟಿ, ಗೆಣಸಿನ ಹೊಲದ ಬದುವಿನ ಹತ್ತಿರ ಬಾಶೆಂಗ್ ನಿಂತುಬಿಟ್ಟ. "ಹೆಗಲು ಬದಲಾಯಿಸ್ತೀನಿ" ಅಂದ.

"ನಡಿ ನಡಿ, ಮೇಲೆ ಹೋಗಿ ಬದಲಾಯಿಸ್ಕೋ," ಅಂದ ಅಪ್ಪ.

"ಅಣ್ಣಾ, ಕತ್ತಿನೊಳಗೆ ಇಳೀತಿದೆ."

"ಇಳಿಸ್ಬೇಡ್ವೋ. ನೆಲ ಮುಟ್ಟಿದ್ರೆ ಮುಗೀತು."

ಒಮ್ಮೆ ನೆಲ ಮುಟ್ಟಿದ ಪೆಟ್ಟಿಗೆಯನ್ನು ಬೇರೆ ಕಡೆ ಒಯ್ಯುವ ಹಾಗಿಲ್ಲ, ಆ ನೆಲವೇ ಕೇಳಿಕೊಂಡಿತು ಎಂದು ಲೆಕ್ಕ. ಬಾಶೆಂಗ್‌ಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅವನು ಕುಗ್ಗಿ, ಹೆಗಲು ಜಾರಿಸಿ, ಮೆತ್ತಗೆ ಇಳಿಸಿದ. ಮಿಕ್ಕ ಏಳು ಮಂದಿ ಒಂದು ಕ್ಷಣವೂ ತಡೆಯದೆ ಇಳಿಸಿದರು. "ಅಮರರಾದ್ರೂ ನಾವು ಮನುಷ್ಯರೇ ತಾನೇ," ಅಂದು ಬಾಶೆಂಗ್ ಹಳ್ಳದ ಕಡೆ ಓಡಿದ. ಹಗ್ಗ ಹರಿಯಿತು ಅಂತ ಊರು ಹೇಳುತ್ತದೆ. ಹಗ್ಗ ಹರಿಯಲಿಲ್ಲ. ಅದೇ ಹಗ್ಗದಲ್ಲಿ ಆಮೇಲೆ ಅಜ್ಜಿಯನ್ನು ಗುಂಡಿಗೆ ಇಳಿಸಿದರು.

ಅಪ್ಪ ಎದೆ ಬಡಿದುಕೊಂಡ. ಚಿಕ್ಕಪ್ಪ ಗೆಣಸಿನ ಬಳ್ಳಿಯ ಮೇಲೆ ಕೂತುಬಿಟ್ಟ. ಮಾವಜ್ಜ ಹಿಂದಿನಿಂದ ಬಂದು ಸುತ್ತ ನೋಡಿ, "ಎಲ್ಲಾದ್ರೂ ಸರಿ ಅಂದಿದ್ಲು. ಅಗೀರಿ," ಅಂದರು. ಲಿಯಾವ್ ಬದುವಿನ ಮೇಲೆ ದಿಕ್ಸೂಚಿ ಇಟ್ಟು ಬಹಳ ಹೊತ್ತು ಬಗ್ಗಿಕೊಂಡಿದ್ದ. ಯಾರ ಊಟವೂ ಹೊಟ್ಟೆಯಲ್ಲಿ ಇರಲಿಲ್ಲವೇನೋ, ಉತ್ತರ ತಡವಾಯಿತು. ಕೊನೆಗೆ, ಎರಡು ಕಡೆಯೂ ನೆಲ ಸಮ, ಎರಡು ಭುಜವೂ ಸಮ, ಇಬ್ಬರು ಮಕ್ಕಳೂ ಒಟ್ಟಿಗೆ ಏಳುತ್ತಾರೆ, ಇಂಥ ಜಾಗ ನೂರು ವರ್ಷಕ್ಕೊಮ್ಮೆ ಆಕಾಶವೇ ಆರಿಸಿ ಕೊಡುತ್ತದೆ ಅಂದ.

ಅಷ್ಟೇ ಬೇಕಾಗಿದ್ದುದು. ಗುಂಡಿ ಮುಚ್ಚುವ ಹೊತ್ತಿಗೆ ಅಣ್ಣತಮ್ಮ ಒಬ್ಬರ ಕೈ ಒಬ್ಬರು ಹಿಡಿದು ಅಳುತ್ತಿದ್ದರು. ಅವತ್ತು ಒಂದೇ ಬಟ್ಟಲಲ್ಲಿ ಸಾರಾಯಿ ಕುಡಿದರು. ಲಿಯಾವ್‌ಗೆ ಕೋಳಿಯೂ ಆಯಿತು, ಬಾತುಕೋಳಿಯೂ ಆಯಿತು. ಈಗ ಪಕ್ಕದ ಹಳ್ಳಿಯವರು ಪಾಯಿಖಾನೆಯ ಹಿಂದಿನ ಆ ಜಾಗ ನೋಡಲು ಬರುತ್ತಾರೆ, ನಿಂತು ತಲೆಯಾಡಿಸುತ್ತಾರೆ. ಗೆಣಸಿನ ಹೊಲದವನು ಆ ಬದುವಿನ ಪಕ್ಕದ ಜಾಗವನ್ನು ತನ್ನ ಅಪ್ಪನಿಗೆ ಅಂತ ಕಾದಿರಿಸಿದ್ದಾನೆ. ಅವನ ಅಪ್ಪ ಬದುಕಿದ್ದಾನೆ. ಆ ಜಾಗ ಆರಿಸಿದ್ದು ಆಕಾಶವಲ್ಲ, ಬಾಶೆಂಗ್‌ನ ಮೂಗು. ಹಾಗಂತ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ಭಾಗ್ಯ ಬಂದರೆ ಅದು ಅಜ್ಜಿಯದು, ಬಾರದೆ ಹೋದರೆ ನಾನು ಆಡಿದ ಆ ಒಂದು ಮಾತಿನದು ಅಂತ ಈಗಾಗಲೇ ತೀರ್ಮಾನವಾಗಿದೆ. ತಮ್ಮನಿಗೆ ಜ್ವರ ಬಂದರೂ ಅಮ್ಮ ನನ್ನ ಮುಖ ನೋಡುತ್ತಾಳೆ. ನನ್ನ ಬಟ್ಟಲನ್ನು ಊಟದ ಮೇಜಿನಿಂದ ತೆಗೆದು ಒಲೆಯ ಪಕ್ಕ ಇಟ್ಟಿದ್ದಾರೆ. ನಡುಮನೆಯನ್ನು ಸುಣ್ಣ ಹಾಕಿ ತಿಕ್ಕಿದೆ. ಆದರೂ ವಾಸನೆ ಹೋಗಿಲ್ಲ. ಈಗ ಪೆಟ್ಟಿಗೆ ಇಲ್ಲ, ಧೂಪ ಮಾತ್ರ ಹಚ್ಚುತ್ತಲೇ ಇದ್ದಾರೆ.

ಅಜ್ಜಿಯ ಕಾಲು ಮರದ ಕಡೆಗಿಲ್ಲ, ಸೇತುವೆಯ ಕಡೆಗಿಲ್ಲ. ಬಸ್ಸು ಬರುವ ರಸ್ತೆಯ ಕಡೆಗಿದೆ. ನೀನು ಮದುವೆಯಾಗಿ ಹೋದ ರಸ್ತೆ ಅದೇ. ಇದರಲ್ಲಿ ಅರ್ಥ ಏನೂ ಇಲ್ಲ, ಬಾಶೆಂಗ್ ಆ ಕಡೆಯಿಂದ ಇಳಿಸಿದ ಅಷ್ಟೆ. ಆದರೂ ನಿನಗೆ ಗೊತ್ತಿರಲಿ ಅಂತ ಬರೆದೆ.

ಆ ಮುದುಕ ಯಾವ ಹೊತ್ತಿಗೆ ಗೊಬ್ಬರಕ್ಕೆ ಬರುತ್ತಾನೆ ನೋಡಿಟ್ಟುಕೋ. "ಆ ಕಡೆ" ಅಂದರೆ ಯಾವ ಕಡೆ ಎಂದು ನಾನು ಕೇಳುತ್ತೇನೆ. ಅವನು ಹೇಳುವವರೆಗೆ ಕೇಳುತ್ತೇನೆ. ಹಿತ್ತಲಲ್ಲಿದ್ದ ಸಣ್ಣ ಗುದ್ದಲಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದೇನೆ, ಜೊತೆಗೆ ಚಕ್ಕೋತದ ಎಲೆ ಒಂದು ಹಿಡಿ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ, ಆದರೂ ಹಾಕುತ್ತೇನೆ. ಬರೆದದ್ದನ್ನು ಬಚ್ಚಿಡುವ ಅಭ್ಯಾಸ ಇಬ್ಬರಿಗೂ ಸಾಕು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಮಾನ್‌ಮೆಯ್